ಒಣ ದಾರದ ಗಂಟು

ಖಾಜಾ ಭಾಯಿ, ಆ ಗಂಟು ಕೆಟ್ಟದ್ದು ನಿಮ್ಮ ಕೈಯಿಂದಲ್ಲ. ಕೆಡಿಸಿದವನು ನಾನು — ಗೊತ್ತಿದ್ದೂ, ಬೇಕೆಂದೇ.

ರಂಜಾನ್ ತಿಂಗಳಲ್ಲಿ ಕಾರಂಜಾ ಹಿನ್ನೀರಿಗೆ ಗಾಳ ಹಾಕಲು ಹೋದಾಗ ನಮ್ಮದೊಂದು ಪದ್ಧತಿ ಇತ್ತು. ಉದ್ದನೆಯ ಸಣ್ಣ ತಂಗೂಸಿ, ಅಂದರೆ ನೈಲಾನ್ ದಾರಕ್ಕೆ ಗಾಳದ ಬಳಿಯ ದಪ್ಪ ತುಂಡನ್ನು ಜೋಡಿಸುವಾಗ ಸುತ್ತು ಹಾಕುವುದು ನೀವು. ಕೊನೆಗೆ ಎಂಜಲು ಹಚ್ಚಿ, ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಎಳೆದು ಬಿಗಿಯುವುದು ನಾನು. "ರೋಜಾ ಅದ, ದಾರ ಬಾಯಾಗ ಹಾಕೂದಿಲ್ಲ. ಸುತ್ತು ನಂದು, ಬಾಯಿ ನಿಂದು, ಪ್ರಭು" ಎಂದು ನಗುತ್ತಿದ್ದಿರಿ. ಚರ್ಚಿಗೆ ಹೋಗುವವನ ಎಂಜಲಿಗೆ ನೀವು ಎಂದೂ ಹೇಸಲಿಲ್ಲ.

ಆ ದಿನ ಸಂಜೆ ಔರಾದಿನಿಂದ ನಿಮ್ಮ ಬೀಗರು ಇಫ್ತಾರಿಗೆ ಬರುವವರಿದ್ದರು, ಮಗಳ ಮದುವೆಯಾದ ಮೇಲೆ ಮೊದಲ ಸಲ. ಕೈಯಾರೆ ಹಿಡಿದ ಮೀನು ಉಣಿಸುತ್ತೇನೆ ಎಂದು ಅವರಿಗೆ ಮಾತು ಕೊಟ್ಟಿದ್ದಿರಿ. ದಂಡೆಯಲ್ಲಿ ಕುಳಿತವರೆಲ್ಲ ತಂತಮ್ಮ ದಾರ ಹಿಡಿದು ನಿಮ್ಮ ಬಳಿಗೇ ಬರುತ್ತಿದ್ದರು — ಗಡಿಯಾರ ರಿಪೇರಿ ಮಾಡುವ ಬೆರಳು, ತಪ್ಪುವುದಿಲ್ಲ ಎಂದು. ನನ್ನನ್ನು ಯಾರೂ ಕೇಳಲಿಲ್ಲ. ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರು ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ನೀವು ಸುತ್ತು ಹಾಕಿ ಕೊಟ್ಟ ದಾರವನ್ನು ಒದ್ದೆ ಮಾಡದೆ ಎಳೆದೆ. ಒಣ ತಂಗೂಸಿ ಉಜ್ಜಿಕೊಂಡು ಬಿಸಿಯಾಗುತ್ತದೆ, ಅದರ ಶಕ್ತಿ ಹೋಗುತ್ತದೆ — ನೀವೇ ಕಲಿಸಿದ್ದು. ಗಂಟಿನ ಮೇಲೆ ಬೆಳ್ಳಗೆ ಗೀರು ಎದ್ದದ್ದು ಕಂಡೆ. ಕಂಡೂ ನಿಮ್ಮ ಕೈಗಿಟ್ಟೆ. ನಿಮ್ಮೆದುರು ನೀರು ಕುಡಿಯಬಾರದೆಂದು ಬಾಯಿ ಒಣಗಿಸಿಕೊಂಡಿದ್ದೆ, ಅದಕ್ಕೇ ಹಾಗಾಯಿತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಕಾಲ ಬುಡದಲ್ಲೇ ನೀರಿತ್ತು.

ದೊಡ್ಡ ಕಾಟ್ಲಾ ಮೀನು ನಿಮ್ಮ ಗಾಳಕ್ಕೆ ಬಿತ್ತು. ಇನ್ನೇನು ದಂಡೆಗೆ ಬಂತು ಅನ್ನುವಾಗ ದಾರ ಗಂಟಿನಲ್ಲೇ ಕಡಿಯಿತು. ನೀವು ಕಡಿದ ತುದಿಯನ್ನು ಕಣ್ಣ ಹತ್ತಿರ ಹಿಡಿದು, "ಸುತ್ತು ತಪ್ಪಿದ್ನೇನೋ ನಾ?" ಎಂದಿರಿ.

ಆಗಲೇ ಹೇಳಬಹುದಿತ್ತು. ಹೇಳಿದ್ದು ಬೇರೆ — "ವಯಸ್ಸಾಯ್ತಲ್ರಿ ಭಾಯಿ, ಕೈ ನಡಗ್ಲತ್ತಾವ."

ನಡುಗುತ್ತಿರಲಿಲ್ಲ. ನೀವು ನನ್ನ ಮಾತನ್ನು ನಂಬಿದಿರಿ. ಬೀಗರಿಗೆ ಬಜಾರದ ಮೀನು ಉಣಿಸಿದಿರಿ. ಮುಂದೆ ಭಾಲ್ಕಿಯ ಅಂಗಡಿಯಲ್ಲಿ ಸಣ್ಣ ಗಡಿಯಾರಗಳನ್ನು ಮುಟ್ಟುವುದು ಬಿಟ್ಟಿರಿ, ಆಮೇಲೆ ಅಂಗಡಿಯನ್ನೇ ಬಿಟ್ಟಿರಿ. ಯಾಕೆ ಎಂದು ಕೇಳಿದವರಿಗೆ ಕೈ ಚಾಚಿ ತೋರಿಸಿ, "ಪ್ರಭುನೇ ನೋಡ್ಯಾನ, ಕೇಳ್ರಿ" ಎನ್ನುತ್ತಿದ್ದಿರಿ. ನಾನು ಹೌದೆಂದು ತಲೆಯಾಡಿಸಿದೆ... ಒಂದು ಸಲವಲ್ಲ.

ಈಗ ನಿಮ್ಮ ದಾರಕ್ಕೂ ನಾನೇ ಗಂಟು ಹಾಕುತ್ತೇನೆ. ಮೊನ್ನೆ ದಂಡೆಯಲ್ಲಿ ಯಾರಿಗೋ ಹೇಳಿದಿರಿ, "ಪ್ರಭುನ ಗಂಟಂದ್ರ ಕಡಿಯಂಗಿಲ್ಲ." ನೌಬಾದಿನ ನನ್ನ ಮನೆಗೆ ಮರಳಿ ಬಂದವನಿಗೆ ಊಟ ಸೇರಲಿಲ್ಲ. ನಾಚಿಕೆಯಾಗುತ್ತದೆ ಭಾಯಿ, ನಿಮ್ಮ ಮುಖ ನೋಡಲಿಕ್ಕೂ.

ಭಾನುವಾರ ಪ್ರಾರ್ಥನೆ ಮುಗಿಸಿ ಭಾಲ್ಕಿಗೆ ಬರುತ್ತೇನೆ. ನಿಮ್ಮ ಕೈಗೆ ಏನೂ ಆಗಿರಲಿಲ್ಲವೆಂದು ನಿಮ್ಮ ಮನೆಯವರೆಲ್ಲರ ಎದುರಿಗೆ ಹೇಳುತ್ತೇನೆ. ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ.