ಸೊಟ್ಟ ಮೂಗು ಎಂಬ ಅರ್ಥದ ಹೆಸರು

ನನ್ನ ಸೇವಾವಧಿಯ ಕೊನೆಯ ಏಳೆಂಟು ವರ್ಷ ನಾನು ಬಂಟ್ವಾಳ ತಾಲೂಕಿನ ಒಂದು ಪಟ್ಟಣದ ಕಚೇರಿಯಲ್ಲಿ, ಜನನ ಮತ್ತು ಮರಣ ನೋಂದಣಿ ವಿಭಾಗದ ಪ್ರಥಮ ದರ್ಜೆ ಸಹಾಯಕನಾಗಿದ್ದೆನು. ಕಚೇರಿ ಪತ್ರಗಳನ್ನಲ್ಲದೆ ಬೇರೇನನ್ನೂ ಬರೆದವನಲ್ಲವಾದ್ದರಿಂದ, ಲೋಪಗಳಿದ್ದಲ್ಲಿ ಓದುಗರು ಮನ್ನಿಸಬೇಕಾಗಿ ಕೋರುತ್ತೇನೆ.

ಆಸ್ಪತ್ರೆಯಿಂದ ಬರುವ ಜನನ ವರದಿಯಲ್ಲಿ ಮಗುವಿನ ಹೆಸರಿನ ಕಲಂ ಸಾಮಾನ್ಯವಾಗಿ ಖಾಲಿ ಇರುತ್ತದೆ. ಒಂದು ವರ್ಷದೊಳಗೆ ತಂದೆ-ತಾಯಿ ಇಬ್ಬರ ಸಹಿಯಿರುವ ಅರ್ಜಿ ಬಂದರೆ ಶುಲ್ಕವಿಲ್ಲದೆ ಹೆಸರು ಸೇರಿಸಲಾಗುತ್ತದೆ. ಒಮ್ಮೆ ಸೇರಿಸಿದ್ದನ್ನು ಬದಲಿಸುವುದು ಸುಲಭವಲ್ಲ. ಆದ್ದರಿಂದ ಅರ್ಥವನ್ನು ತಿಳಿಸಿದ ಮೇಲೆಯೇ ದಾಖಲಿಸುವುದು ನನ್ನ ರೂಢಿಯಾಗಿತ್ತು.

ಇಂಗ್ಲಿಷ್ ಹೆಸರುಗಳು ಮೊದಲು ಮೂಡುಬಿದಿರೆ, ಬೆಳ್ತಂಗಡಿ ಕಡೆಯ ಕ್ರೈಸ್ತ ಕುಟುಂಬಗಳಿಂದ ಮಾತ್ರ ಬರುತ್ತಿದ್ದವು. ಈಚೆಗೆ ಎಲ್ಲರೂ ಮೊಬೈಲಿನಲ್ಲಿ ಹುಡುಕಿ ತರತೊಡಗಿದ್ದರು. ಅದಕ್ಕಾಗಿ ಗಂಡುಮಕ್ಕಳ ಇಂಗ್ಲಿಷ್ ಹೆಸರುಗಳ ಪಟ್ಟಿಯೊಂದನ್ನು ಮುದ್ರಿಸಿ ಮೇಜಿನ ಗಾಜಿನಡಿ ಇಟ್ಟಿದ್ದೆನು. ರಯಾನ್ ಐರಿಷ್ ಮೂಲದ್ದು, ಪುಟ್ಟ ರಾಜ. ಎಡ್ವಿನ್ ಹಳೆಯ ಇಂಗ್ಲಿಷ್, ಸಿರಿವಂತ ಗೆಳೆಯ. ಜನರಿಗೆ ಕೇಳಲು ಸಂತೋಷ, ನನಗೆ ಹೇಳಲು ಸ್ವಲ್ಪ ಹೆಮ್ಮೆ.

ನಿವೃತ್ತಿಯ ವರ್ಷದ ಒಂದು ಸೋಮವಾರ ಪುಂಜಾಲಕಟ್ಟೆ ಕಡೆಯ ಹರಿಣಾಕ್ಷಿ ಎಂಬ ತಾಯಿ, ತನ್ನ ಅತ್ತೆ ಗಿರಿಜಕ್ಕನೊಂದಿಗೆ, ಹತ್ತು ತಿಂಗಳು ದಾಟಿದ ಗಂಡುಮಗುವನ್ನು ಎತ್ತಿಕೊಂಡು ಬಂದರು. ರಬ್ಬರ್ ಟ್ಯಾಪಿಂಗ್ ಕೆಲಸದ ಗಂಡ ಅರ್ಜಿಗೆ ಮೊದಲೇ ಸಹಿ ಮಾಡಿದ್ದರು. ಸದರಿ ಅರ್ಜಿಯಲ್ಲಿದ್ದ ಹೆಸರು ಕ್ಯಾಮರನ್. ಪಟ್ಟಿಯಲ್ಲಿ ನೋಡಿದೆನು. ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯ ಮೂಲ. ಅರ್ಥ, ಸೊಟ್ಟ ಮೂಗು.

ನನಗೆ ನಗು ಬಂತು. "ಇಷ್ಟು ಚಂದದ ಮೂಗಿನವನಿಗೆ ಇದೆಂಥದ್ದಮ್ಮ? ಕೆವಿನ್ ಅಂತ ಇಡುವ. ಸುಂದರನಾಗಿ ಹುಟ್ಟಿದವನು ಅಂತ ಅರ್ಥ."

"ಅರ್ಥ ಗೊತ್ತುಂಟು ಸರ್," ಎಂದರು ಹರಿಣಾಕ್ಷಿ. "ನೋಡಿಯೇ ಆರಿಸಿದ್ದು."

ಗಂಡನೊಂದಿಗೆ ಇನ್ನೊಮ್ಮೆ ಮಾತಾಡಿ ಮುಂದಿನ ವಾರ ಬನ್ನಿ ಎಂದು ನಾನು ಅರ್ಜಿಯನ್ನು ಹಿಂದಿರುಗಿಸಿದೆನು. ಅವರು ಅದನ್ನು ಮುಟ್ಟಲಿಲ್ಲ. "ಮುಂದಿನ ವಾರಕ್ಕೆ ಆಗುವುದಿಲ್ಲ ಸರ್. ನಾಡಿದ್ದಿಗೆ ಇವನಿಗೆ ಹನ್ನೊಂದು ತಿಂಗಳು ತುಂಬುತ್ತದೆ," ಎಂದವರೇ ಪ್ಲಾಸ್ಟಿಕ್ ಕವರಿನಿಂದ ನಾಲ್ಕು ಪ್ರಮಾಣಪತ್ರಗಳನ್ನು ತೆಗೆದು ಗಾಜಿನ ಮೇಲೆ ಇಟ್ಟರು.

ಎರಡು ಜನನದವು, ಎರಡು ಮರಣದವು. ಮೊದಲ ಮಗುವಿನ ಹೆಸರು ಚಿರಾಯು; ಹನ್ನೊಂದು ತಿಂಗಳು ತುಂಬಿದ ದಿನವೇ ತೀರಿಕೊಂಡಿತ್ತು. ಎರಡನೆಯದು ಆಯುಷ್, ಒಂಬತ್ತು ತಿಂಗಳು. ನಾಲ್ಕರ ಮೇಲೂ 'ಪರಿಶೀಲಿಸಲಾಗಿದೆ' ಎಂಬುದರ ಕೆಳಗೆ ನನ್ನದೇ ಚಿಕ್ಕ ಸಹಿ ಇತ್ತು.

ನಾನು ದಿಗ್ಭ್ರಾಂತನಾದೆನು. ನಾಲ್ಕು ಸಲ ನನ್ನ ಮುಂದೆ ನಿಂತು ಹೋದ ಈ ಹೆಂಗಸಿನ ಮುಖ ನನಗೆ ನೆನಪಿರಲಿಲ್ಲ.

"ಎರಡು ಸಲವೂ ನೀವೇ ಹೇಳಿದ್ದು ಸರ್, ಒಳ್ಳೆಯ ಹೆಸರು, ದೀರ್ಘಾಯುಷ್ಯ ಅಂತ," ಎಂದರು ಹರಿಣಾಕ್ಷಿ. ಆ ಧ್ವನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಉತ್ತರಿಸಲು ಸುಲಭವಾಗುತ್ತಿತ್ತು.

ಗಿರಿಜಕ್ಕ ಮಗುವನ್ನು ಸೊಂಟ ಬದಲಿಸಿ ಎತ್ತಿಕೊಂಡರು. "ನನ್ನ ಅಣ್ಣನಿಗಿಂತ ಮೊದಲು ಹುಟ್ಟಿದ ಮೂರು ಮಕ್ಕಳು ಹೋಗಿದ್ದವು. ಅವನಿಗೆ ಕಾಟು ಅಂತ ಹೆಸರಿಟ್ಟರು. ಕಾಡಿನಿಂದ ಹೆಕ್ಕಿ ತಂದದ್ದು, ಯಾರಿಗೂ ಬೇಡದ್ದು ಅಂತ. ಎಂಬತ್ತೆರಡು ವರ್ಷ ಬದುಕಿದ. ಈಗ ಹಾಗೆ ಇಟ್ಟರೆ ಶಾಲೆಯಲ್ಲಿ ಮಕ್ಕಳು ಬಿಡ್ತಾರಾ ಮಾರಾಯ್ರೆ? ಇಂಗ್ಲಿಷಿನಲ್ಲಾದರೆ ಸ್ಟೈಲೂ ಆಯಿತು, ಕೆಲಸವೂ ಆಯಿತು."

"ಡಾಕ್ಟರಿಗೆ ತೋರಿಸಿದ್ದೀರಾ?" ಎಂದು ಕೇಳಿದೆನು.

"ಹಾರ್ಟಿನದ್ದು ಸರ್, ಮೂವರಿಗೂ," ಎಂದರು ಹರಿಣಾಕ್ಷಿ. "ತಿಂಗಳು ತಿಂಗಳು ಮಂಗಳೂರಿಗೆ ಹೋಗ್ತೇವೆ. ಅದನ್ನು ಡಾಕ್ಟರು ಮಾಡ್ತಾರೆ. ಇದನ್ನು ನೀವು ಮಾಡಿಕೊಡಿ."

ನಾನು ಪೆನ್ನು ತೆಗೆದುಕೊಂಡೆನು. ಗಿರಿಜಕ್ಕ ಮೇಜಿನ ಕಡೆ ಬಾಗಿದರು. "ಅರ್ಥವನ್ನು ಕನ್ನಡದಲ್ಲಿ ಗಟ್ಟಿ ಹೇಳಿ. ಕೇಳಬೇಕಾದವರಿಗೆ ಇಂಗ್ಲಿಷ್ ಬರ್ತದೋ ಇಲ್ಲವೋ."

ಸರತಿಯಲ್ಲಿ ಏಳೆಂಟು ಜನ ನಿಂತಿದ್ದರು. ಮೂವತ್ತಮೂರು ವರ್ಷಗಳ ಸೇವೆಯಲ್ಲಿ ಎಂದೂ ಮಾಡದಿದ್ದುದನ್ನು ಅಂದು ಮಾಡಿದೆನು. ಎದ್ದು ನಿಂತು, ಸರಕಾರಿ ಆದೇಶವನ್ನು ಓದುವಂತೆ ಓದಿದೆನು: "ಮಗುವಿನ ಹೆಸರು ಕ್ಯಾಮರನ್. ಅರ್ಥ, ಸೊಟ್ಟ ಮೂಗಿನವನು." ಹಿಂದಿನಿಂದ ಯಾರೋ ನಕ್ಕರು. ಹರಿಣಾಕ್ಷಿ ನಕ್ಕವರ ಕಡೆ ತಿರುಗಿ, ನಗಲಿ ಎಂಬಂತೆ ತಲೆಯಾಡಿಸಿದರು.

ಆ ದಿನದಿಂದ ನಾನು ಯಾವ ಹೆಸರನ್ನೂ ಒಳ್ಳೆಯದು, ಕೆಟ್ಟದ್ದು ಎಂದು ಹೇಳಲಿಲ್ಲ. ಪಟ್ಟಿಯಲ್ಲಿ ಬರೆದಿರುವುದು ಹೆಸರಿನ ಅರ್ಥ ಮಾತ್ರ. ಅದನ್ನು ಇಡುವವರ ಮನಸ್ಸಿನಲ್ಲಿ ಏನಿದೆಯೆಂಬುದು ಯಾವ ಕಲಮಿನಲ್ಲೂ ಇರುವುದಿಲ್ಲ ಎಂಬುದನ್ನು ಈ ಉದ್ಯೋಗ ನನಗೆ ತಡವಾಗಿ ಕಲಿಸಿತು. ಇನ್ನೊಂದು ಅಭ್ಯಾಸವೂ ಅಂಟಿಕೊಂಡಿತು. ಆಸ್ಪತ್ರೆಗಳಿಂದ ಮರಣ ವರದಿಗಳ ಕಟ್ಟು ಬಂದ ಕೂಡಲೇ ಉಳಿದ ಕೆಲಸ ಬದಿಗಿಟ್ಟು, ನಿಂತುಕೊಂಡೇ ಎಲ್ಲ ಹೆಸರುಗಳ ಮೇಲೆ ಬೆರಳಾಡಿಸುತ್ತಿದ್ದೆನು. ನಾನು ನಿವೃತ್ತನಾದ ದಿನ ಸಂಜೆ ಐದೂವರೆಯವರೆಗೆ ಆ ಹೆಸರು ಬಂದಿರಲಿಲ್ಲ.