ಅಕ್ಕನ ನೀರು, ಕೂಸಿನ ಬಟ್ಟೆ

ನಾನು ಚಿಕ್ಕವಳಿದ್ದಾಗ ಕಮಲಾಪುರದ ನಮ್ಮ ಮನೆಯಲ್ಲಿ ಎಲ್ಲವನ್ನೂ ಎಣಿಸುವವಳು ನಾನೊಬ್ಬಳೇ. ಅಪ್ಪನ ತೋಟದ ಕೆಂಪು ಬಾಳೆಯ ಗೊನೆಯಲ್ಲಿ ಎಷ್ಟು ಕಾಯಿ, ಹುಮನಾಬಾದ ರಸ್ತೆಯಲ್ಲಿ ಮಧ್ಯಾಹ್ನದೊಳಗೆ ಎಷ್ಟು ಬಸ್ಸು, ಆಯಿ ದಿನಕ್ಕೆ ಎಷ್ಟು ಸಲ ಎಲೆ ಅಡಿಕೆ ಹಾಕಿಕೊಂಡಳು, ಎಲ್ಲವೂ ನನ್ನ ನೋಟಬುಕ್ಕಿನಲ್ಲಿ ತಾರೀಖಿನ ಸಮೇತ ಇರುತ್ತಿತ್ತು. ಆಯಿ ಎಂದರೆ ಅಪ್ಪನ ತಾಯಿ, ನನ್ನ ಅಜ್ಜಿ. ಆಗ ನನಗೆ ಹತ್ತು ವರ್ಷ. ಇಲ್ಲಿ ಬರೆಯುವ ಅಂಕಿಗಳು ನೆನಪಿನವಲ್ಲ. ಆ ನೋಟಬುಕ್ಕನ್ನು ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಆ ಬೇಸಿಗೆಯಲ್ಲಿ ಅಕ್ಕ ಮೊದಲ ಹೆರಿಗೆಗೆ ಕಲಬುರಗಿಯಿಂದ ತವರಿಗೆ ಬಂದಿದ್ದಳು. ಭಾವ ಅಲ್ಲಿ ತೊಗರಿ ಬೇಳೆಯ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಸೂಲಗಿತ್ತಿ ಬಂದು ಮನೆಯಲ್ಲೇ ಹೆರಿಗೆ ಮಾಡಿಸಿದಳು. ಹೆಣ್ಣು ಕೂಸು. ಅಡುಗೆಮನೆಯ ಪಕ್ಕದ ಚಿಕ್ಕ ಕೋಣೆ ಬಾಣಂತಿಯ ಕೋಣೆಯಾಯಿತು. ಗಾಳಿ ಬರಬಾರದೆಂದು ಕಿಟಕಿಗೆ ಗೋಣಿಚೀಲ ತುರುಕಿದ್ದರು. ಮಂಚದ ಕೆಳಗೆ ಕುಳ್ಳಿನ ಕೆಂಡ, ಅದರ ಮೇಲೆ ಅಜವಾನ ಮತ್ತು ಬೆಳ್ಳುಳ್ಳಿ ಸಿಪ್ಪೆಯ ಹೊಗೆ. ಹೊರಗೆ ಅಂಗಳದ ಫರಸಿ ಕಲ್ಲು ಬರಿಗಾಲಲ್ಲಿ ನಿಲ್ಲಲಾಗದಷ್ಟು ಕಾಯುತ್ತಿತ್ತು. ಒಳಗೆ ಅಕ್ಕ ಕಿವಿ ಮುಚ್ಚುವಂತೆ ತಲೆಗೆ ಬಟ್ಟೆ ಕಟ್ಟಿಕೊಂಡು, ಬೆವರಿನಲ್ಲಿ ತೊಯ್ದು ಮಲಗಿರುತ್ತಿದ್ದಳು.

ಬಾಣಂತಿಗೆ ನೀರು ಕೊಡಬಾರದು ಎಂಬುದು ಆಯಿಯ ಕಟ್ಟಪ್ಪಣೆ. ಅಜವಾನ ಹಾಕಿ ಕುದಿಸಿದ ನೀರು, ಚಿಕ್ಕ ಹಿತ್ತಾಳೆ ಲೋಟದಲ್ಲಿ, ಬೆಳಿಗ್ಗೆ ಒಂದು, ಸಂಜೆ ಒಂದು. ಅದನ್ನು ಕೊಡುವ ಕೆಲಸ ನನಗೆ ಬಂತು. "ನಿಮ್ಮವ್ವನ ಮನಸ್ಸು ಬೆಣ್ಣಿ ಅದ, ಮಗಳು ಕಣ್ಣೀರು ಹಾಕಿದ್ರ ತಂಬಿಗೀನೇ ಎತ್ತಿ ಕೊಡ್ತಾಳ. ನೀ ಲೆಕ್ಕದಾಗ ಪಕ್ಕಾ. ನಿನ್ನ ಕೈಯಾಗ ಇರಲಿ," ಎಂದಳು ಆಯಿ. ಕೂಸಿನ ಬಟ್ಟೆಗಳನ್ನು ಒಗೆದು ಒಣಹಾಕುವ ಕೆಲಸವೂ ನನ್ನದೇ. ಅಪ್ಪನ ಹಳೆಯ ಧೋತರ ಹರಿದು ಮಾಡಿದ ತುಂಡುಗಳವು. ಶಾಲೆಗೆ ಸೂಟಿ ಇತ್ತು. ನಾನು ನೋಟಬುಕ್ಕಿನಲ್ಲಿ ಗೆರೆ ಎಳೆದು ಮೂರು ಸಾಲು ಮಾಡಿದೆ: ಅಕ್ಕ ನೀರು ಕೇಳಿದ್ದು, ನಾನು ಕೊಟ್ಟಿದ್ದು, ಕೂಸಿನ ಒದ್ದೆ ಬಟ್ಟೆ.

ಕೊಟ್ಟಿದ್ದು ಎಂಬ ಸಾಲಿನಲ್ಲಿ ಪ್ರತಿದಿನವೂ ಎರಡು. ಒಂದು ದಿನವೂ ತಪ್ಪಿಲ್ಲ. ಕೇಳಿದ್ದು ನಾಲ್ಕು, ಏಳು, ಒಂಬತ್ತು ಎಂದು ಏರುತ್ತಾ ಹೋಗಿದೆ. ಒದ್ದೆ ಬಟ್ಟೆ ನಾಲ್ಕನೆಯ ದಿನ ಆರು, ಐದನೆಯ ದಿನ ಆರು, ಆರನೆಯ ದಿನ ನಾಲ್ಕು, ಏಳನೆಯ ದಿನ ಎರಡು. ಆ ಎರಡರ ಮುಂದೆ ನಾನು "ಒಳ್ಳೆಯದು" ಎಂದು ಬರೆದಿದ್ದೇನೆ. ಒಗೆಯುವುದು ಕಡಿಮೆಯಾಗಿತ್ತಲ್ಲ.

ನಾನು ಹೇಳಬೇಕಾದದ್ದು ಎಂಟನೆಯ ದಿನದ ಕಥೆ.

ಅಂದು ಬೆಳಿಗ್ಗೆ ಅವ್ವ ಅಕ್ಕನಿಗೆ ಎಣ್ಣೆ ಹಚ್ಚಿ, ಸುಡುಸುಡು ನೀರು ಹಾಕುತ್ತಿದ್ದಳು. ತಲೆಯಿಂದ ಇಳಿದು ಬರುವ ನೀರಿಗೆ ಅಕ್ಕ ಬಾಯಿ ತೆರೆದು ಕೂತಿದ್ದಳು. "ಬಾಯಿ ಮುಚ್ಚು, ಆಯಿ ನೋಡ್ತಾಳ," ಎಂದು ಅವ್ವ ಪಿಸುಗುಟ್ಟಿದಳು. ಅಕ್ಕ ಮುಚ್ಚಲಿಲ್ಲ. ಅವ್ವ ಮುಂದಿನ ಚೊಂಬನ್ನು ಸ್ವಲ್ಪ ಮುಂದಕ್ಕೇ ಸುರಿದಳು. ನನಗೆ ಆ ನೀರನ್ನು ಯಾವ ಸಾಲಿನಲ್ಲಿ ಬರೆಯಬೇಕೋ ತಿಳಿಯಲಿಲ್ಲ. ಬಿಟ್ಟುಬಿಟ್ಟೆ.

ಸ್ನಾನವಾದ ಮೇಲೆ ಅವಳ ಪಾಲಿನ ಒಂದು ಲೋಟ ಕೊಟ್ಟೆ. ಒಂದೇ ಗುಟುಕಿಗೆ ಕುಡಿದು, ಲೋಟವನ್ನು ನನ್ನ ಕಡೆಗೇ ಚಾಚಿದಳು. ಅವಳ ತುಟಿ ಒಡೆದು ಬಿಳಿಯಾಗಿತ್ತು.

"ಇನ್ನೊಂದು ಕೊಡ, ನನ್ನ ಬಂಗಾರ."

"ಇವತ್ತಿಂದು ಒಂದು ಆಗ್ಯಾದ. ಇನ್ನೊಂದು ಸಂಜಿಕಿ."

"ನೀ ಆಯಿಕಿಂತ ದೊಡ್ಡ ಆಯಿ ಆಗಿ ನೋಡು," ಎಂದು ಅಕ್ಕ ಗೋಡೆಯ ಕಡೆ ತಿರುಗಿದಳು. ನಾನು "ಕೇಳಿದ್ದು" ಸಾಲಿನಲ್ಲಿ ಒಂದು ಗೆರೆ ಎಳೆದೆ. ಕೂಸು ಮಲಗಿತ್ತು. ಅದು ಎರಡು ದಿನದಿಂದ ಹೆಚ್ಚಾಗಿ ಮಲಗಿಯೇ ಇರುತ್ತಿತ್ತು. ನೋಡಲು ಬಂದ ಓಣಿಯ ಹೆಂಗಸರು, "ಎಷ್ಟ್ ಶಾಣೇ ಕೂಸದ, ಅಳೂದೇ ಇಲ್ಲ," ಎಂದು ದೃಷ್ಟಿ ತೆಗೆದು ಹೋಗುತ್ತಿದ್ದರು.

ಹತ್ತು ಗಂಟೆಯ ಹೊತ್ತಿಗೆ ನರ್ಸಬಾಯಿ ಬಂದಳು. ಊರಿನ ಸರ್ಕಾರಿ ದವಾಖಾನೆಯವಳು. ಕೂಸಿನ ಹೊಕ್ಕುಳು ಒಣಗಿದೆಯೋ ಇಲ್ಲವೋ ನೋಡಲು ಬಂದಿದ್ದಳು. ನೋಡಿದಳು, ಒಣಗಿತ್ತು. ಚೀಲ ಮುಚ್ಚುತ್ತಾ, ಕೂಸು ದಿನಕ್ಕೆ ಎಷ್ಟು ಸಲ ಉಚ್ಚೆ ಹೊಯ್ಯುತ್ತದೆ ಎಂದು ಕೇಳಿದಳು.

"ಹೊಯ್ತದ ಬಿಡ್ರಿ. ಕೂಸು ಅಂದ ಮ್ಯಾಲ ಹೊಯ್ಯದ ಇರ್ತದೇನು? ಎಣಿಸಾಕ ಅದೇನು ಕೋಳಿ ತತ್ತಿ ಏನು?" ಎಂದಳು ಆಯಿ.

"ನಾ ಎಣಿಸೀನ್ರಿ," ಎಂದು ನಾನು ನೋಟಬುಕ್ ತೆರೆದೆ. ಹೊಗಳುತ್ತಾರೆ ಎಂದುಕೊಂಡಿದ್ದೆ. ಆರು, ಆರು, ನಾಲ್ಕು, ಎರಡು, ಇವತ್ತು ಇನ್ನೂ ಸೊನ್ನೆ ಎಂದು ಜೋರಾಗಿ ಓದಿದೆ.

ನರ್ಸಬಾಯಿ ಮುಚ್ಚಿದ ಚೀಲವನ್ನು ಕೆಳಗಿಟ್ಟಳು. ಕೂಸಿನ ನೆತ್ತಿಯ ಮೇಲೆ ಬೆರಳಾಡಿಸಿದಳು. ಮೆತ್ತನೆಯ ಜಾಗ ತಗ್ಗಿತ್ತು. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಳು. ಅದು ತಟ್ಟನೆ ಸಮವಾಗಲಿಲ್ಲ. ಅಂಗಾಲಿಗೆ ಹೊಡೆದಳು; ಕೂಸು ಸಣ್ಣಗೆ ಮುಲುಗಿ ಮತ್ತೆ ಕಣ್ಣು ಮುಚ್ಚಿತು. ಅಕ್ಕನಿಗೆ ನಾಲಿಗೆ ಚಾಚಲು ಹೇಳಿದಳು. ಆಮೇಲೆ ನನ್ನನ್ನು ನೋಡಿ, ನೀರಿನ ಲೆಕ್ಕವೂ ಇದೆಯೇ ಎಂದಳು. ಅದನ್ನೂ ಓದಿದೆ.

"ಈ ಬಿಸಲಾಗ ಎರಡು ಲೋಟಾ!" ಎಂದಳು ನರ್ಸಬಾಯಿ. "ಆಯಿ, ನೀವು ದಿನಾ ಎಷ್ಟು ಕುಡಿತೀರಿ?"

"ನಾ ಏನು ಬಾಣಂತಿ ಏನು?"

"ಬಾಣಂತಿ ಎದಿಯಾಗ ಹಾಲು ಎಲ್ಲಿಂದ ಬರಬೇಕ್ರಿ, ಬಾಯಾಗ ಉಗುಳೇ ಇಲ್ಲ ಆಕಿಗಿ. ಕೂಸು ಶಾಣೇದಲ್ಲ, ಅಳಾಕ ತಾಕತ್ತಿಲ್ಲ ಅದಕ್ಕ. ಜಲ್ದಿ ಕಲಬುರಗಿಗೆ ಒಯ್ರಿ. ಸಂಜಿತನ ಕಾಯಬ್ಯಾಡ್ರಿ."

ಆಯಿ ಎದ್ದು ಬಾಗಿಲಿಗೆ ಅಡ್ಡ ನಿಂತಳು. "ಹಸಿ ಬಾಣಂತಿನ ಹನ್ನೊಂದು ದಿನದೊಳಗ ಹೊಸ್ತಿಲಾ ದಾಟಿಸ್ತೀರೇನು? ನನ್ನ ತಂಗಿ ಬಾಣಂತ್ಯಾಗ ಕದ್ದು ನೀರು ಕುಡದಳು. ಮೈಯೆಲ್ಲ ಬಾತು, ಮೂರು ದಿನದಾಗ ಹೋದಳು. ನಾ ಕಣ್ಣಾರೆ ನೋಡೀನಿ. ನೀವು ಪುಸ್ತಕದಾಗ ಓದೀರಿ, ನಾ ಹೆಣ ಎತ್ತೀನಿ." ಆಯಿಗೆ ಒಬ್ಬ ತಂಗಿ ಇದ್ದಳೆಂದು ನಾನು ಕೇಳಿದ್ದು ಅದೇ ಮೊದಲು.

ನರ್ಸಬಾಯಿ ಜಗಳಕ್ಕೆ ನಿಲ್ಲಲಿಲ್ಲ. "ಅದು ನೀರಿಂದ ಆದ ಬಾವಲ್ಲ ಆಯಿ, ಬ್ಯಾರೆ ಬ್ಯಾನಿ ಇದ್ದೀತು," ಎಂದಷ್ಟೇ ಹೇಳಿ ಅಪ್ಪನ ಕಡೆ ನೋಡಿದಳು. ಅಪ್ಪ ತೋಟದಿಂದ ಬಂದು ಹೊಸ್ತಿಲಾಚೆ ನಿಂತಿದ್ದ. ಪುರುಡು ಮುಗಿಯುವವರೆಗೆ ಗಂಡಸರು ಆ ಕೋಣೆಗೆ ಬರುವಂತಿರಲಿಲ್ಲ. ಆಯಿಯ ಮಾತಿಗೆ ಅಪ್ಪ ಎದುರಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಮತ್ತೊಮ್ಮೆ ಓದು," ಎಂದು ನನಗೆ ಹೇಳಿದ.

ಮತ್ತೊಮ್ಮೆ ಓದಿದೆ. ಈ ಸಲ ಜೋರಾಗಿ ಓದಲು ಆಗಲಿಲ್ಲ. ಅಪ್ಪ ಕೈಯಲ್ಲಿದ್ದ ಕುಡುಗೋಲನ್ನು ಗೋಡೆಗೆ ಒರಗಿಸಿ, "ಹನ್ನೊಂದರ ಬಸ್ಸಿಗಿ ಹೋಗೂದು," ಎಂದ.

ಅಷ್ಟರಲ್ಲಿ ಅವ್ವ ಒಲೆಯ ಮೇಲಿನ ಕುದಿದ ನೀರನ್ನು ಎರಡು ಪಾತ್ರೆಗಳ ನಡುವೆ ಹೊಯ್ದು ಹೊಯ್ದು ಆರಿಸುತ್ತಿದ್ದಳು. ಅವಳು ಯಾವಾಗ ಎದ್ದು ಹೋದಳೋ ಯಾರೂ ನೋಡಿರಲಿಲ್ಲ. ಅಕ್ಕ ಎರಡನೆಯ ಲೋಟ ಕುಡಿದಳು, ಮೂರನೆಯದು ಕುಡಿದಳು. ನಾಲ್ಕನೆಯದರಲ್ಲಿ ಅರ್ಧ ಕುಡಿದು ಅರ್ಧ ಮುಖಕ್ಕೆ ಸುರಿದುಕೊಂಡಳು. ನಾನು ಅರ್ಧ ಎಂದು ಬರೆದೆ. ನರ್ಸಬಾಯಿ ಕೂಸಿನ ಕೆನ್ನೆ ತಟ್ಟಿ ಎಬ್ಬಿಸಿ ಎದೆಗೆ ಹಚ್ಚಿದಳು. ದಾರಿಯಲ್ಲೂ ಮಲಗಲು ಬಿಡದೆ ಕುಡಿಸುತ್ತಾ ಹೋಗಬೇಕೆಂದಳು.

ಆಯಿ ಬರುವುದಿಲ್ಲ ಎಂದಿದ್ದಳು. ಬಸ್ಸು ಬಂದಾಗ ಎಲ್ಲರಿಗಿಂತ ಮೊದಲು ಹತ್ತಿ, ಕೂಸನ್ನು ಕೊಡಿರೆಂದು ಕೈ ಚಾಚಿದಳು. ಮನೆ ನೋಡಿಕೊಳ್ಳಲು ಅವ್ವ ಉಳಿದಳು. ನೀರಿನ ತಂಬಿಗೆ ಹಿಡಿಯಲು ಅಪ್ಪನ ಜೊತೆ ನಾನು ಹೋದೆ.

ಬಸ್ಸಿನಲ್ಲಿ ಬಿಸಿಗಾಳಿ, ಡೀಸೆಲ್ ವಾಸನೆ, ಯಾರದೋ ಬುಟ್ಟಿಯ ಹಸಿಮೆಣಸಿನಕಾಯಿಯ ಘಾಟು. ಅಕ್ಕ ಮತ್ತೆ ನೀರು ಕುಡಿದಾಗ ಎದುರಿನ ಹೆಂಗಸು ಕಣ್ಣರಳಿಸಿ, "ಯವ್ವಾ, ಬಾಣಂತಿ ನೀರು ಕುಡಿಲತ್ತಾಳ!" ಎಂದಳು. ಪಕ್ಕದಲ್ಲಿದ್ದ, ಕಲಬುರಗಿಯ ಮೋಮಿನಪುರದ ದಪ್ಪನೆಯ ಚಾಚಿ ನಕ್ಕಳು. "ಪೀ ಬೇಟಿ, ಪೀ, ಕುಡಿ. ನಮ್ಮ ಮನ್ಯಾಗೂ ಕೊಡ್ತಿರಲಿಲ್ಲ. ನಾ ನಾಕು ಹಡದೀನಿ. ಮಾರಿ ತೊಳಕೋತೀನಿ ಅಂತ ಹೋಗಿ, ನಾಕೂ ಸಲ ಅರ್ಧ ತಂಬಿಗಿ ಹೊಟ್ಟಿಗೆ ಇಳಿಸೀನಿ."

"ಅದಕ್ಕೇ ಹೊಟ್ಟಿ ಹಂಗ ಮುಂದ ಬಂದದ," ಎಂದಳು ಆಯಿ, ಕಿಟಕಿಯಿಂದ ಮುಖ ತಿರುಗಿಸದೆ.

ಬಸ್ಸಿಗೆ ಬಸ್ಸೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಆ ಚಾಚಿ. ಅಕ್ಕನೂ ನಕ್ಕಳು, ಒಡೆದ ತುಟಿಯಿಂದ ರಕ್ತ ಜಿನುಗಿತು. ಆಮೇಲೆ ನನ್ನ ನೋಟಬುಕ್ ತೆಗೆದುಕೊಂಡು ನೋಡಿದಳು. "ಎರಡು, ಒಳ್ಳೆಯದು. ಇದೇನು ಒಳ್ಳೇದು?" ಎಂದಳು.

"ಒಗಿಯೂದು ಕಮ್ಮಿ ಆಯ್ತಂತ," ಎಂದೆ.

ಅಕ್ಕ ನೋಟಬುಕ್ಕನ್ನು ನನ್ನ ತೊಡೆಯ ಮೇಲಿಟ್ಟಳು. ಕೂಸಿನ ಕೆನ್ನೆ ತಟ್ಟತೊಡಗಿದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಕಲಬುರಗಿಯ ದೊಡ್ಡ ದವಾಖಾನೆಯಲ್ಲಿ ಫಿನಾಯಿಲ್ ವಾಸನೆ ಇತ್ತು, ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಡಾಕ್ಟರಬಾಯಿ ಕೂಸನ್ನು ತಕ್ಕಡಿಯಲ್ಲಿ ಮಲಗಿಸಿ ತೂಗಿದಳು, ತೂಕ ಹೇಳಲಿಲ್ಲ. ನನ್ನ ಪುಟವನ್ನು ಕೇಳಿ ತೆಗೆದುಕೊಂಡು ಎರಡು ಸಲ ಓದಿದಳು. ಅಕ್ಕನ ಹಾಲನ್ನು ಬಟ್ಟಲಿಗೆ ಹಿಂಡಿಸಿ, ಚಮಚದಿಂದ ಹನಿಹನಿಯಾಗಿ ಕುಡಿಸುವುದನ್ನು ಆಯಿಗೇ ಕಲಿಸಿದಳು. ಸಂಜೆಯೊಳಗೆ ಕೂಸು ಉಚ್ಚೆ ಹೊಯ್ಯದಿದ್ದರೆ ಸೂಜಿ ಚುಚ್ಚಿ ಬಾಟಲಿ ಹಚ್ಚಬೇಕಾಗುತ್ತದೆ ಎಂದಳು. ಅಪ್ಪ ಹೇಳಿ ಕಳಿಸಿದ್ದಕ್ಕೆ ಭಾವ ಮಿಲ್ಲಿನಿಂದ ಮೈಯೆಲ್ಲ ಬೇಳೆಯ ಧೂಳಿನೊಂದಿಗೆ ಬಂದು ಬಾಗಿಲಲ್ಲಿ ನಿಂತ.

ಎರಡು ಗಂಟೆಗೆ ಬಟ್ಟೆ ಮುಟ್ಟಿ ನೋಡಿದೆ, ಒಣಗಿತ್ತು. ಮೂರಕ್ಕೂ ಒಣಗಿತ್ತು. ನಾಲ್ಕಕ್ಕೂ. ಅಕ್ಕನ ನೀರು ಹನ್ನೊಂದು ಲೋಟವಾಗಿತ್ತು. ಆಯಿ ನೆಲದ ಮೇಲೆ ಕಾಲು ಚಾಚಿ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಒಂದೊಂದೇ ಚಮಚ ಕುಡಿಸುತ್ತಿದ್ದಳು. ಮಧ್ಯಾಹ್ನದಿಂದ ಎಲೆ ಅಡಿಕೆ ಹಾಕಿಕೊಂಡಿರಲಿಲ್ಲ.

ಐದಕ್ಕೆ ಹತ್ತು ನಿಮಿಷ ಇದ್ದಾಗ ಆಯಿಯ ಕೈ ಚಮಚದ ಸಮೇತ ನಿಂತಿತು. ಅವಳ ಇಳಕಲ್ ಸೀರೆಯ ಮೇಲೆ ಒಂದು ಕಪ್ಪು ಕಲೆ ನಿಧಾನವಾಗಿ ದೊಡ್ಡದಾಗುತ್ತಿತ್ತು. ಆಯಿ ಅದನ್ನು ನೋಡಿದಳು, ಬೆರಳಿನಿಂದ ಮುಟ್ಟಿದಳು. ಯಾರ ಮುಖವನ್ನೂ ನೋಡಲಿಲ್ಲ.

"ಏ, ಬರಕೋ," ಎಂದಳು ನನಗೆ. "ಒಂದು."

ದವಾಖಾನೆಯಲ್ಲಿ ನಾಲ್ಕು ದಿನ ಇದ್ದೆವು. ಕೊನೆಯ ದಿನದ ಒದ್ದೆ ಬಟ್ಟೆ ಎಂಟು. ನೀರು ಕೊಡದೆ ಇದ್ದದ್ದು ತಪ್ಪು ಎಂದು ಆಯಿ ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ. ಊರಿಗೆ ಬಂದ ಮೇಲೆ ಕಿಟಕಿಯ ಗೋಣಿಚೀಲವನ್ನು ಅವಳೇ ಎಳೆದು ತೆಗೆದಳು. ಧೂಳು ಬಹಳ ಆಗಿದೆ ಎಂದಳು. ಆ ಕೂಸಿಗೇ ಈಗ ಮೊಮ್ಮಕ್ಕಳಿದ್ದಾರೆ. ಮಕ್ಕಳೇ, ಹಬ್ಬಕ್ಕೆ ಬಂದಾಗ ನಿಮಗೆ ಶೇಂಗಾ ಹೋಳಿಗೆ ತರುವವಳು ಅವಳೇ.

ಈಗ ನನ್ನ ಮಗಳು, ನಿಮ್ಮ ಅವ್ವ, ನಮ್ಮ ಕೋಟನೂರಿನ ಮನೆಗೆ ಬಾಣಂತನಕ್ಕೆ ಬಂದು ಹದಿನಾರು ದಿನ. ಹೆರಿಗೆ ದವಾಖಾನೆಯಲ್ಲೇ ಆಯಿತು. ಅವಳ ಕೋಣೆಯ ಕಿಟಕಿ ತೆರೆದಿದೆ, ಕೂಲರ್ ಇದೆ. ಆಶಾ ಕಾರ್ಯಕರ್ತೆ ಮನೆಗೇ ಬಂದು ನಿಮ್ಮ ತಂಗಿಯ ತೂಕ ನೋಡಿ ಕಾರ್ಡಿನಲ್ಲಿ ಬರೆಯುತ್ತಾಳೆ. ಎಷ್ಟು ಸಲ ಹಾಲು, ಎಷ್ಟು ಸಲ ಡೈಪರ್ ಎಂಬ ಲೆಕ್ಕವನ್ನು ಮೊಬೈಲ್ ಇಟ್ಟುಕೊಳ್ಳುತ್ತದೆ. ಅಷ್ಟಿದ್ದರೂ ಮೊನ್ನೆ ನಿಮ್ಮ ಅವ್ವ ಊಟಕ್ಕೆ ಕೂತಾಗ, ತಂಪಾಗುತ್ತದೆ ಎಂದು ನನ್ನ ಕೈ ಮೊಸರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿತು. "ಅವ್ವಾ, ಡಾಕ್ಟರ್ ತಿನ್ನಂದಾರ. ಯಾವ ಕಾಲದಾಗ ಇದ್ದಿ ನೀ?" ಎಂದು ಅವಳು ನಕ್ಕಳು. ನಾನು ಬಟ್ಟಲನ್ನು ಅವಳ ಮುಂದಕ್ಕೆ ತಳ್ಳಿದೆ.

ಅವಳ ಮಂಚದ ಪಕ್ಕದ ನೀರಿನ ಬಾಟಲಿ ಖಾಲಿಯಾದಾಗಲೆಲ್ಲ ನೀವಿಬ್ಬರೂ "ನೀ ಹೋಗು, ನೀ ಹೋಗು" ಎಂದು ಜಗಳಾಡುತ್ತೀರಿ. ಈಗಷ್ಟೇ ಕುಡಿದಳಲ್ಲ, ಮತ್ತೆ ಬೇಕೇ ಎನ್ನುತ್ತೀರಿ. ಯಾರಾದರೂ ಒಬ್ಬರು ಏಳಿ. ತುಂಬಿಸಿ ಕೊಡಿ. ಎಷ್ಟನೆಯದು ಎಂದು ಮಾತ್ರ ಕೇಳಬೇಡಿ.