ಮೀಸಲಿಟ್ಟ ಗೋರಿಕಾಯಿ

ನನ್ನ ಹೆಂಡತಿ ತೀರಿಕೊಂಡು ವರ್ಷ ತುಂಬಿ, ಮೊದಲ ಪಿತೃಪಕ್ಷ ಬಂದಾಗ ಸಿಂಗಾಪುರದ ಆಕಾಶವೆಲ್ಲ ಹೊಗೆಯಾಗಿತ್ತು. ಪಕ್ಕದ ದೇಶದಲ್ಲಿ ಕಾಡು ಉರಿಯುತ್ತಿತ್ತು. ಯಿಶುನ್ ಬಡಾವಣೆಯಲ್ಲಿ ನಮ್ಮ ಫ್ಲ್ಯಾಟಿದ್ದ ಬ್ಲಾಕಿನ ಹಿಂದೆ ಖಾಲಿ ಬಿದ್ದಿದ್ದ ಸರ್ಕಾರಿ ಜಾಗದಲ್ಲಿ ಏಳೆಂಟು ಮನೆಯವರು ತರಕಾರಿ ಪಾತಿ ಮಾಡಿಕೊಂಡಿದ್ದರು. ಅದರಲ್ಲೊಂದು ಅವಳದು, ಎರಡು ಮಂಚದಷ್ಟು ಅಗಲ. ನಾನು ಹಡಗು ರಿಪೇರಿ ಯಾರ್ಡಿನಲ್ಲಿ ವೆಲ್ಡಿಂಗ್ ಕೆಲಸ ನೋಡಿಕೊಳ್ಳುತ್ತಿದ್ದವನು. ಅವಳಿರುವ ತನಕ ಆ ಪಾತಿಗೆ ಒಂದು ಬಕೆಟ್ ನೀರು ಹೊತ್ತವನಲ್ಲ.

ಮುತ್ತೈದೆಯಾಗಿ ಹೋದವರಿಗೆ ಪಿತೃಪಕ್ಷದ ಒಂಬತ್ತನೆಯ ದಿನ, ಅವಿಧವಾ ನವಮಿಯಂದು, ಎಡೆ ಇಡುವುದು ನಮ್ಮಲ್ಲಿ ಪದ್ಧತಿ. ಒಬ್ಬ ಮುತ್ತೈದೆಯನ್ನು ಕರೆದು, ಹೋದವಳೇ ಬಂದಳೆಂದು ಬಗೆದು ಊಟ ಬಡಿಸಬೇಕು. ನಮಗೆ ಮಕ್ಕಳಿಲ್ಲದ್ದರಿಂದ ನಾನೇ ಮಾಡಬೇಕಿತ್ತು. ಆ ಅಡುಗೆಗೆ ಕೋಸು, ಕ್ಯಾರೆಟ್, ಆಲೂಗಡ್ಡೆ ಬರುವುದಿಲ್ಲ. ಗೋರಿಕಾಯಿ ಬರುತ್ತದೆ. ಅವಳು ಮೈಸೂರಿನಿಂದ ತಂದಿದ್ದ ಗೋರಿಕಾಯಿ ಬೀಜ ಅಡುಗೆಮನೆಯ ಬಾಟಲಿಯಲ್ಲಿ ಇನ್ನೂ ಇತ್ತು. ವರ್ಷಾಬ್ದಿಕ ಮುಗಿದ ವಾರವೇ ಬಿತ್ತಿದೆ. ಅವಳ ಎಲೆಗೆ ಅವಳ ಪಾತಿಯದೇ ಬೀಳಬೇಕು. ನನಗೆ ಬೇಕಿದ್ದದ್ದು ಅಷ್ಟೇ.

ಆಸ್ಪತ್ರೆಯ ಕೊನೆಯ ದಿನಗಳಲ್ಲಿ, “ಒಂದ್ಸಲ ಪಾತಿ ನೋಡ್ಕೊಂಡು ಬರೋಣ ರೀ” ಅಂದಿದ್ದಳು. “ಸ್ವಲ್ಪ ಸುಧಾರಿಸ್ಕೊ, ಆಮೇಲೆ” ಅಂದಿದ್ದೆ. ಆ ಆಮೇಲೆ ಬರಲಿಲ್ಲ.

ಪಕ್ಷ ಶುರುವಾಗುವ ಮೊದಲೇ ಗಿಡಗಳು ಗೊಂಚಲು ಗೊಂಚಲಾಗಿ ಕಾಯಿ ಬಿಟ್ಟವು. ಬೆಳಿಗ್ಗೆ ನೀರು ಹಾಕುವಾಗ ನೋಡುತ್ತಿದ್ದೆ, ಒಂದನ್ನೂ ಮುಟ್ಟುತ್ತಿರಲಿಲ್ಲ. ಎಲ್ಲ ಮೀಸಲು. ಎಡೆಗೆ ತೆಗೆದಿಡುವ ಮೊದಲು ನಮ್ಮಮ್ಮ ಸಾರಿನ ಉಪ್ಪನ್ನೂ ನೋಡುತ್ತಿರಲಿಲ್ಲ. ನಾನು ಆ ಮನೆಯಲ್ಲಿ ಬೆಳೆದವನು.

ಪಕ್ಕದ ಪಾತಿ ಒಬ್ಬ ಚೀನೀ ಮುದುಕಿಯದು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಸೊಪ್ಪು ಕೀಳುತ್ತಿದ್ದವರು ಒಂದು ದಿನ ತಡೆಯಲಾರದೆ ಕೇಳಿದರು.

“ಅಂಕಲ್, ವೈ ಯು ನೆವರ್ ಪ್ಲಕ್?”

“ನೆಕ್ಸ್ಟ್ ವೀಕ್, ಆಂಟಿ. ಫಾರ್ ಪ್ರೇಯರ್. ಮೈ ವೈಫ್.”

“ಯುವರ್ ವೈಫ್ ಎವ್ರಿ ಟೂ ಡೇ ಪ್ಲಕ್ ಲಾ! ಯು ಓನ್ಲಿ ಲುಕ್ ಲುಕ್. ದಿಸ್ ಒನ್ ಬೀನ್ಸ್ ಆರ್ ಮ್ಯೂಸಿಯಂ?”

ನಕ್ಕು ಬಕೆಟ್ ಎತ್ತಿಕೊಂಡೆ. ಹೋದ ತಿಂಗಳಷ್ಟೇ ಆಕೆಯೂ ತೀರಿಹೋದ ಗಂಡನ ಹೆಸರಿನಲ್ಲಿ ತಮ್ಮ ಪದ್ಧತಿಯಂತೆ ಕಾಗದ ಸುಟ್ಟು ಕಿತ್ತಳೆ ಇಟ್ಟಿದ್ದರು. ಇವರಿಗಾದರೂ ಅರ್ಥವಾಗಬೇಕಿತ್ತು ಅಂದುಕೊಂಡೆ.

ನವಮಿಯ ಬೆಳಿಗ್ಗೆ ಸ್ನಾನ ಮಾಡಿ ಬುಟ್ಟಿ ಹಿಡಿದು ಇಳಿದೆ. ಮೊದಲ ಕಾಯಿಯನ್ನು ಮುರಿದರೆ ಮುರಿಯಲಿಲ್ಲ, ಬಾಗಿತು. ಬೀಜ ಉಬ್ಬಿಕೊಂಡು ಸಿಪ್ಪೆ ಚರ್ಮದಂತಾಗಿತ್ತು. ಎಳೆಯದು ಎಲ್ಲಾದರೂ ಇದ್ದೀತೆಂದು ಗಿಡ ಗಿಡ ಬಗ್ಗಿಸಿ ಹುಡುಕಿದೆ. ಎಳೆಕಾಯಿ ಇರಲಿ, ಒಂದು ಹೂವೂ ಇರಲಿಲ್ಲ.

ಮುದುಕಿ ಬಂದು ಒಂದು ಕಾಯಿ ಹಿಚುಕಿ ನೋಡಿದರು. “ಓಲ್ಡ್ ಅಲ್ರೆಡಿ. ಯು ನೆವರ್ ಪ್ಲಕ್, ಟ್ರೀ ಥಿಂಕ್ ವರ್ಕ್ ಫಿನಿಶ್. ನೋ ಮೋರ್ ಫ್ಲವರ್.” ಈ ಸಲ ಅವರ ದನಿಯಲ್ಲಿ ಹಾಸ್ಯ ಇರಲಿಲ್ಲ.

ನಮ್ಮ ಕಡೆಯ ತರಕಾರಿ ಸಿಗುವ ಟೆಕ್ಕಾ ಮಾರ್ಕೆಟ್‌ಗೆ ಹೋಗಿ ಬರಲು ಹೊತ್ತಿತ್ತು. ಹೋಗಲಿಲ್ಲ. ಇದ್ದದ್ದರಲ್ಲೇ ಮೆತ್ತಗಿದ್ದುದನ್ನು ಆರಿಸಿ ತಂದು, ಅಂಚಿನ ನಾರು ಎಳೆದು, ಕುಕ್ಕರಿನಲ್ಲಿ ಮೂರು ಕೂಗಿಸಿದೆ. ಸಾಲದೆ ಮತ್ತೆ ಎರಡು. ಮೆಣಸು, ಜೀರಿಗೆ, ತೆಂಗಿನಕಾಯಿ ಹಾಕಿ ಪಲ್ಯ ಮಾಡಿದೆ. ನೋಡುವುದಕ್ಕೆ ಅವಳು ಮಾಡುತ್ತಿದ್ದಂತೆಯೇ ಇತ್ತು. ಎಡೆಗೆ ಮೊದಲು ರುಚಿ ನೋಡುವಂತಿರಲಿಲ್ಲ.

ಮುತ್ತೈದೆಯಾಗಿ ಬಂದವರು ಎದುರು ಬ್ಲಾಕಿನಲ್ಲಿದ್ದ ಅವಳ ಗೆಳತಿ. ಪಾಯಸ, ವಡೆ, ಅನ್ನ ಎಲ್ಲ ಉಂಡರು. ಪಲ್ಯವನ್ನೂ ಬಿಡಲಿಲ್ಲ. ಆದರೆ ಎಲೆಯ ತುದಿಯಲ್ಲಿ ಅಗಿದ ನಾರು ಗುಡ್ಡೆಯಾಗುತ್ತಾ ಹೋಯಿತು. ನಾನು ನೋಡಬಾರದೆಂದು ಅವರು ಅದರ ಮೇಲೆ ಕರಿಬೇವು ಸರಿಸಿದರು.

ತಾಂಬೂಲ, ಸೀರೆ ಕೊಟ್ಟ ಮೇಲೆ ನಾನೇ ಕೇಳಿದೆ. “ಗೋರಿಕಾಯಿ ಬಲಿತಿತ್ತು, ಅಲ್ವಾ?”

“ಸ್ವಲ್ಪ. ಟೆಕ್ಕಾದಲ್ಲಿ ಫ್ರೆಶ್ ಸಿಗ್ತಿತ್ತಲ್ಲ?”

“ಅವಳ ಪಾತೀದೇ ಆಗ್ಲಿ ಅಂತ. ಇವತ್ತಿನ ತನಕ ಒಂದನ್ನೂ ಮುಟ್ಟಿರ್ಲಿಲ್ಲ.”

“ಅಯ್ಯೋ, ಅವಳೆಲ್ಲಿ ಬಿಡ್ತಿದ್ಲು! ಎಳೇದಿದ್ದಾಗ್ಲೇ ಕಿತ್ತು ಅಲ್ಲೇ ನಿಂತ್ಕೊಂಡು ಹಸೀದೇ ತಿಂತಿದ್ಲು. ಲಿಫ್ಟ್ ಹತ್ರ ಬರೋಷ್ಟರಲ್ಲಿ ಅರ್ಧ ಖಾಲಿ. ಮಿಕ್ಕಿದ್ದು ನನ್ನ ಕೈಗೆ. ನಿಮಗೆ ಗೊತ್ತಿರ್ಲಿಲ್ವಾ?”

ಗೊತ್ತಿತ್ತು ಎನ್ನುವ ಹಾಗೆ ತಲೆಯಾಡಿಸಿದೆ.

ಅವರು ಹೋದ ಮೇಲೆ ಎಲೆಯ ಮುಂದೆ ಕೂತೆ. ಹದಿನಾಲ್ಕು ವರ್ಷದ ಸಂಸಾರ. ಗೋರಿಕಾಯಿ ಅವಳಿಗೆ ಇಷ್ಟವೆಂದು ತಿಳಿದಿತ್ತು, ಅದನ್ನು ಅವಳು ಹೇಗೆ ತಿನ್ನುತ್ತಿದ್ದಳೆಂದು ತಿಳಿದಿರಲಿಲ್ಲ. ಇನ್ನೂ ಏನೇನು ತಿಳಿದಿಲ್ಲವೋ, ಕೇಳೋಣವೆಂದರೆ ಯಾರನ್ನು? ಎಲೆ ಎತ್ತಲು ಬಹಳ ಹೊತ್ತಾಯಿತು.